ಜಾತಕ ಕೂಡಿತು, ಟೆಸ್ಟ್ ಕೂಡ್ಲಿಲ್ಲ

ಪ್ರಶ್ನೆ: ಮೇಡಂ, ನಂಗೆ 27. ಮನೇಲಿ ತೋರಿಸಿದ ಹುಡುಗನ ಜೊತೆ ಮೂರು ಸಲ ಮಾತಾಡಿದೀನಿ, ಇಷ್ಟ ಆಗಿದಾನೆ. 36ಕ್ಕೆ 28 ಗುಣ ಕೂಡಿದೆ ಅಂತ ಅಮ್ಮಂಗೂ ಖುಷಿ. ನಾನು ಸುಮ್ನಿರ್ದೆ ಮೊಬೈಲಲ್ಲಿ ಪರ್ಸನಾಲಿಟಿ ಟೆಸ್ಟ್ ತಗೊಂಡು ಅವನಿಗೂ ಲಿಂಕ್ ಕಳಿಸ್ದೆ. ಅದು ಸ್ವಭಾವಕ್ಕೆ ತಕ್ಕಂತೆ ನಾಲ್ಕು ಇಂಗ್ಲಿಷ್ ಅಕ್ಷರ ಕೊಡತ್ತೆ. ನಂದು ಐಎನ್‌ಎಫ್‌ಜೆ, ಅವನದು ಇಎಸ್‌ಟಿಪಿ, ನಾಲ್ಕಕ್ಕೆ ನಾಲ್ಕೂ ಅಕ್ಷರ ಉಲ್ಟಾ! ಬೇಡ ಅಂದ್ಬಿಡ್ಲಾ?
– ಹೆಸರು ಬೇಡ, ತುಮಕೂರು

ಉತ್ತರ: ಅಮ್ಮ ಗುಣ ಎಣಿಸುವಾಗ ನೀನು ನಕ್ಕಿರ್ತೀಯ ಕಣಮ್ಮ, ಈಗ ನೀನೂ ಎಣಿಸ್ತಾ ಕೂತಿದೀಯ, ಅವರದು 36, ನಿಂದು ನಾಲ್ಕು, ಅಷ್ಟೇ ವ್ಯತ್ಯಾಸ. ಆ ಟೆಸ್ಟ್ ಕಟ್ಟಿದ್ದು ಅಮೆರಿಕದ ತಾಯಿ ಮಗಳು, ಕ್ಯಾಥರೀನ್ ಬ್ರಿಗ್ಸ್, ಇಸಾಬೆಲ್ ಮಯರ್ಸ್ ಅಂತ, ಇಬ್ರೂ ಸೈಕಾಲಜಿ ಓದಿದವರಲ್ಲ. ಸ್ವಲ್ಪ ದಿನ ಬಿಟ್ಟು ಮತ್ತೆ ತಗೊಂಡ್ರೆ ಎಷ್ಟೋ ಜನಕ್ಕೆ ಅಕ್ಷರವೇ ಬದಲಾಗತ್ತೆ.

ಯಾರಿಗೆ ಯಾರು ಹೊಂದ್ತಾರೆ ಅನ್ನೋ ವಿಷಯಾನ ಸರಿಯಾಗಿ ಕೆದಕಿದವರು ಕೆನಡಾದ ಮನಶ್ಶಾಸ್ತ್ರಜ್ಞೆ ಸಮಾಂತಾ ಜೋಯಲ್. 2017ರಲ್ಲಿ ಅವರೂ ಜೊತೆಗಾರರೂ ಸ್ಪೀಡ್ ಡೇಟಿಂಗ್‌ಗೆ ಬಂದ ಕಾಲೇಜು ಹುಡುಗ ಹುಡುಗೀರ ಲೆಕ್ಕ ನೋಡಿದ್ರು. ಒಬ್ಬೊಬ್ಬರ ಸ್ವಭಾವ, ಆಸೆ, ಬೇಕು ಬೇಡ ಅಂತ ನೂರಕ್ಕೂ ಹೆಚ್ಚು ಸಂಗತಿ ಮೊದಲೇ ಬರೆಸ್ಕೊಂಡು, ಆಮೇಲೆ ನಾಲ್ಕು ನಾಲ್ಕು ನಿಮಿಷ ಮಾತಾಡೋಕೆ ಬಿಟ್ಟಿದ್ದರು. ಆ ಉತ್ತರಗಳನ್ನ ಕಂಪ್ಯೂಟರಿಗೆ ಕೊಟ್ಟಾಗ, ಯಾರು ಎಲ್ಲರಿಗೂ ಇಷ್ಟ ಆಗ್ತಾರೆ, ಯಾರು ಎಲ್ಲರನ್ನೂ ಇಷ್ಟಪಡ್ತಾರೆ ಅನ್ನೋದು ಅದಕ್ಕೆ ಒಂದಿಷ್ಟು ಸಿಕ್ತು, ಆದ್ರೆ ಇವಳಿಗೆ ಇವನೇ ಯಾಕೆ ಹಿಡಿಸಿದ ಅನ್ನೋದು ಸುತಾರಾಂ ಸಿಗಲಿಲ್ಲ.

ಅಷ್ಟಕ್ಕೇ ಬಿಡ್ಲಿಲ್ಲ ಅವರು, 2020ರಲ್ಲಿ 43 ಅಧ್ಯಯನಗಳನ್ನ ಒಟ್ಟು ಹಾಕಿ 11,196 ಜೋಡಿಗಳ ಲೆಕ್ಕ ತೆಗೆದ್ರು. ಯಾರ ಸಂಬಂಧ ಚೆನ್ನಾಗಿದೆ, ಯಾರದು ಇಲ್ಲ ಅನ್ನೋ ವ್ಯತ್ಯಾಸದಲ್ಲಿ ಸ್ವಭಾವ, ಖಿನ್ನತೆ ಥರದ ಸ್ವಂತ ಬಾಬತ್ತಿಂದ ವಿವರಿಸೋಕಾಗಿದ್ದು ಶೇ. 21ರವರೆಗೆ. ಇವರು ನನ್ನ ಕೈ ಬಿಡಲ್ಲ ಅನ್ನೋ ನಂಬಿಕೆ, ಇವರು ಸಿಕ್ಕಿದ್ದು ನನ್ನ ಪುಣ್ಯ ಅನ್ನೋ ಭಾವನೆ, ಜಗಳ ಎಷ್ಟು, ಇಂಥವಕ್ಕೆ ಶೇ. 45ರವರೆಗೆ. ಸಂಗಾತಿ ತನ್ನ ಬಗ್ಗೆ ತಾನೇ ಬರೆದ ಉತ್ತರ ಸೇರಿಸಿದ್ರೂ ಲೆಕ್ಕ ಹೆಚ್ಚೇನೂ ಸುಧಾರಿಸಲಿಲ್ಲವಂತೆ. ಅಂದ್ರೆ ಅವನ ನಾಲ್ಕಕ್ಷರ ಕಟ್ಕೊಂಡು ನಿಂಗೇನಾಗ್ಬೇಕು? ಹಾಂ, ಒಂದು ಮಾತು, ಅವು ನಮ್ಮ ಥರ ಮನೆಯವರು ನೋಡಿ ಮಾಡೋ ಮದುವೆಗಳ ಲೆಕ್ಕ ಅಲ್ಲ, ಜೊತೇಲಿ ಇದ್ದವರದು, ನಿಮ್ಮದು ಇನ್ನೂ ಶುರುವೇ ಆಗಿಲ್ಲ.

ನಮ್ಮನೇಲಿ ನಾನು ರೇಡಿಯೋ, ನಮ್ಮವರು ದಿನಕ್ಕೆ ಹತ್ತು ಮಾತಾಡಿದ್ರೆ ಹೆಚ್ಚು. ಆದ್ರೆ ನಾನು ಕಣ್ಣುಜ್ಜಿಕೊಂಡು ಅಡುಗೆಮನೆಗೆ ಬರೋ ಹೊತ್ತಿಗೆ ಡಿಕಾಕ್ಷನ್ ಇಳಿದಿರತ್ತೆ, ಲೋಟದ ಮೇಲೆ ತಟ್ಟೆ ಮುಚ್ಚಿರತ್ತೆ, 22 ವರ್ಷದಿಂದ. ಇದು ಯಾವ ಟೆಸ್ಟಲ್ಲಿ ಬರತ್ತೆ ಹೇಳು? ಇನ್ನೂ ನಾಲ್ಕು ಸಲ ಭೇಟಿಯಾಗು, ನೀನು ಬೇಡ ಅಂದಾಗ ಅವನು ಹೇಗೆ ತಗೋತಾನೆ ನೋಡು.

ಪ್ರಶ್ನೆ: ಮದುವಿ ಆಗಿ 6 ವರ್ಷ ಆತ್ರಿ. ನನಗ ಸಿಟ್ಟು ಲಗೂನ ಬರ್ತದ, ಹೆಂಡ್ತಿ ಮ್ಯಾಲೆ ಕೈ ಮಾಡಿಲ್ಲ ಖರೆ, ತಾಟು ಒಗದೀನಿ. ನನ್ನ ಸ್ವಭಾವನ ಹಿಂಗ, ಆಕಿನ ಹೊಂದ್ಕೋಬೇಕಲ್ರಿ?
– ಹುಬ್ಬಳ್ಳಿಯ ಓದುಗ

ಉತ್ತರ: ಮೇಲಿನ ಹುಡುಗಿಗೆ ಸ್ವಭಾವದ ಬಗ್ಗೆ ತಲೆ ಕೆಡಿಸ್ಕೋಬೇಡ ಅಂದೆ, ನಿಮಗೆ ಹಾಗನ್ನೋಕೆ ಆಗಲ್ಲ ಸಾರ್. ಅಮೆರಿಕದ ಲೋವೆಲ್ ಕೆಲ್ಲಿ ಅನ್ನೋ ಮನಶ್ಶಾಸ್ತ್ರಜ್ಞರು 1930ರ ದಶಕದಲ್ಲಿ ನಿಶ್ಚಿತಾರ್ಥ ಆಗಿದ್ದ 300 ಜೋಡಿಗಳ ಸ್ವಭಾವವನ್ನ ಅವರ ಪರಿಚಯದವರ ಕೈಲಿ ಅಳೆಸಿದ್ರು, ಅದೇ ಜೋಡಿಗಳ ಸುದ್ದಿಯನ್ನ 1980ರ ತನಕ ಹಿಡಿದ್ರು. 22 ಜೋಡಿ ಮದುವೆಗೆ ಮುಂಚೆನೇ ಮುರ್ಕೊಂಡ್ರು, 50 ವಿಚ್ಛೇದನ ಆಯ್ತು. ಸಂಸಾರ ಕೆಡೋದಕ್ಕೆ ಗಂಟು ಬಿದ್ದ ಗುಣ ಮೂರು: ಗಂಡನ ಮನಸ್ಸು ಸದಾ ಕುದೀತಿರೋದು, ಹೆಂಡ್ತೀದು ಹಾಗಿರೋದು, ಮತ್ತೆ ಗಂಡನಿಗೆ ತನ್ನ ಮೇಲೆ ಹತೋಟಿ ಇಲ್ಲದಿರೋದು. ಹತೋಟಿ ವಿಷಯದಲ್ಲಿ ಹೆಸರು ಬಂದಿದ್ದು ಗಂಡನದು, ಗಮನಿಸಿ!

ಸ್ವಭಾವ ಬದಲಾಗಲ್ಲ ಅನ್ನೋದೂ ಸುಳ್ಳು. 2017ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಬ್ರೆಂಟ್ ರಾಬರ್ಟ್ಸ್ ತಂಡ 207 ಅಧ್ಯಯನ ಒಟ್ಟು ಮಾಡಿ ನೋಡಿದಾಗ, ಸರಾಸರಿ 24 ವಾರದ ಥೆರಪಿ ಥರದ ನೆರವಲ್ಲಿ ಸ್ವಭಾವ ಎದ್ದು ಕಾಣೋ ಹಾಗೆ ಬದಲಾಗಿತ್ತು, ಅದರಲ್ಲೂ ಈ ಕುದಿತ. ತಾಟು ಒಗೆಯೋದೂ ಹಿಂಸೆನೇ, ಗೋಡೆಗೆ ತಾಗಿದ್ರೂ ಹೆದರೋದು ನಿಮ್ಮ ಹೆಂಡ್ತಿನೇ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ, ದುಡ್ಡು ಕೊಡ್ಬೇಕಿಲ್ಲ, ಕನ್ನಡದಲ್ಲೇ ಮಾತಾಡ್ಬಹುದು. ಮತ್ತೆ ಮುಂದಿನ ಕಾಗದ ನಿಮ್ಮ ಹೆಂಡ್ತಿ ಬರೀಲಿ, ನೀವು ಪಕ್ಕದಲ್ಲಿ ಕೂರೋದು ಬೇಡ.