ಹಳೇ ಡೆಸ್ಕ್‌ಟಾಪ್‌ಗೆ ಹಾಕಿದ ಎನ್‌ವಿಎಂಇ (ಹೊಸ ನಮೂನೆಯ ವೇಗದ ಎಸ್‌ಎಸ್‌ಡಿ) ವಿಂಡೋಸ್‌ನಲ್ಲಿ ಕಾಣುತ್ತೆ, ಬಯಾಸ್‌ನಲ್ಲಿ ಕಾಣಲ್ಲ. ಅದರಿಂದ ಬೂಟ್ ಮಾಡೋಕೆ ಆಗುತ್ತಾ?

ಆಗುತ್ತೆ. ಸಕಲೇಶಪುರದಿಂದ ನೀವು ಬರೆದಿರೋದು ಇಷ್ಟು: 2012ರಲ್ಲಿ ಕೊಂಡ, ಇಂಟೆಲ್ ಎಚ್61 ಚಿಪ್‌ಸೆಟ್ಟಿನ ಮದರ್‌ಬೋರ್ಡು, ಐ3 ಪ್ರೊಸೆಸರ್. 500 ಜಿಬಿ ಎನ್‌ವಿಎಂಇ ತಂದು ಅಡಾಪ್ಟರ್ ಕಾರ್ಡಿನಲ್ಲಿ ಕೂರಿಸಿದ್ದೀರಿ. ಹಳೇ ಹಾರ್ಡ್ ಡಿಸ್ಕಿನ ವಿಂಡೋಸ್‌ನಲ್ಲಿ ಅದು ಚೆನ್ನಾಗೇ ಕಾಣುತ್ತೆ, ಫೈಲ್ ಹಾಕಿದರೆ ಹೋಗುತ್ತೆ. ಬಯಾಸ್‌ನ ಬೂಟ್ ಪಟ್ಟಿಯಲ್ಲಿ ಮಾತ್ರ ಹೆಸರಿಲ್ಲ. ಅಂಗಡಿಯವರು "ಡ್ರೈವೇ ಡಿಫೆಕ್ಟು" ಅಂದರು ಅಂತೀರಿ.

ಡಿಫೆಕ್ಟೂ ಇಲ್ಲ ಏನೂ ಇಲ್ಲ ಮಾರಾಯ್ರೆ. ವಾಪಸ್ ಕೊಡೋಕೆ ಓಡಾಡಬೇಡಿ. ಚಿಕ್ಕಮಗಳೂರಲ್ಲಿ ನಾನು, ನಮ್ಮ ಭಾವ ಸೇರಿ ಒಂದು ಜೆರಾಕ್ಸ್, ಡಿಟಿಪಿ ಅಂಗಡಿ ನಡೆಸ್ತೀವಿ. ಅಲ್ಲಿರೋ ಮೆಷೀನೂ ಎಚ್61 ಬೋರ್ಡಿಂದೇ, ಎರಡು ವರ್ಷದ ಹಿಂದೆ ನಾನೂ ನಿಮ್ಮ ಹಾಗೇ ತಲೆ ಕೆರೆದುಕೊಂಡು ಕೂತಿದ್ದೆ.

ವಿಷಯ ಇಷ್ಟೇ. ಪವರ್ ಬಟನ್ ಒತ್ತಿದಾಗ ವಿಂಡೋಸ್ ಇನ್ನೂ ಎದ್ದಿರಲ್ಲ. ಅದನ್ನು ಡಿಸ್ಕಿನಿಂದ ಓದಿ ರ‍್ಯಾಮ್‌ಗೆ ತರೋ ಕೆಲಸ ಬಯಾಸ್‌ದು. ನಿಮ್ಮ ಬಯಾಸ್‌ಗೆ ಸಾಟಾ (ಹಾರ್ಡ್ ಡಿಸ್ಕ್ ಜೋಡಿಸೋ ಕೇಬಲ್ ಸಂಪರ್ಕ) ಓದೋಕೆ ಬರುತ್ತೆ, ಯುಎಸ್‌ಬಿ ಬರುತ್ತೆ, ಡಿವಿಡಿ ಬರುತ್ತೆ. ಎನ್‌ವಿಎಂಇ ಅನ್ನೋದರ ಮೊದಲ ಆವೃತ್ತಿ ಪ್ರಕಟವಾಗಿದ್ದೇ 2011ರಲ್ಲಿ. ಎಚ್61 ಮಾರುಕಟ್ಟೆಗೆ ಬಂದಿದ್ದೂ ಅದೇ ವರ್ಷ. ಬಯಾಸ್ ಬರೆದವರಿಗೆ ಅಂಥದ್ದೊಂದು ಡ್ರೈವ್ ಎದುರಾಗುತ್ತೆ ಅನ್ನೋ ಯೋಚನೆಯೂ ಇರಲಿಲ್ಲ. ವಿಂಡೋಸ್ 10 ಎದ್ದ ಮೇಲೆ ಅದರದ್ದೇ ಎನ್‌ವಿಎಂಇ ಡ್ರೈವರ್ ಕೆಲಸಕ್ಕೆ ಇಳಿಯುತ್ತೆ, ಅದಕ್ಕೇ ಅಲ್ಲಿ ಕಾಣೋದು. ಇನ್‌ಸ್ಟಾಲ್ ಮಾಡೋಕೆ ಹೋದರೆ "ಈ ಡಿಸ್ಕಿನಿಂದ ಬೂಟ್ ಆಗೋಕೆ ನಿಮ್ಮ ಹಾರ್ಡ್‌ವೇರ್ ಒಪ್ಪದೇ ಇರಬಹುದು" ಅನ್ನೋ ಅರ್ಥದ ಸಾಲು ಬರೋದೂ ಇದೇ ಕಾರಣಕ್ಕೆ. 2014ರ ಎಚ್97, ಝಡ್97 ಬೋರ್ಡುಗಳಿಗಾದರೆ ಎಷ್ಟೋ ಕಂಪನಿಗಳು ಬಯಾಸ್ ಅಪ್‌ಡೇಟ್ ಕೊಟ್ಟು ಇದನ್ನು ಸರಿ ಮಾಡಿದವು. ನಮ್ಮ ಕಾಲದ ಬೋರ್ಡುಗಳಿಗೆ ಆ ಭಾಗ್ಯ ಸಿಗೋದು ಅಪರೂಪ.

ಈಗ ದಾರಿ. ನಾನು ಮಾಡಿದ್ದು ಕ್ಲೋವರ್ ಅನ್ನೋ ಬೂಟ್‌ಲೋಡರ್ ಇಟ್ಟು. ಬಯಾಸ್‌ಗೆ ಯುಎಸ್‌ಬಿ ಗೊತ್ತಲ್ಲ, ಅದು ಮೊದಲು ಪೆನ್‌ಡ್ರೈವ್‌ನಿಂದ ಕ್ಲೋವರ್ ಎತ್ತುತ್ತೆ. ಕ್ಲೋವರ್ ಹತ್ತಿರ ಎನ್‌ವಿಎಂಇ ಡ್ರೈವರ್ ಇರುತ್ತೆ. ಅದು ನಿಮ್ಮ ಡ್ರೈವ್ ಓದಿ ವಿಂಡೋಸ್‌ನ ಎಬ್ಬಿಸುತ್ತೆ. ಬೂಟ್ ಡಿಸ್ಕ್ ಯುಟಿಲಿಟಿ ಅನ್ನೋ ಉಚಿತ ಸಾಫ್ಟ್‌ವೇರ್‌ನಿಂದ ಪೆನ್‌ಡ್ರೈವ್ ತಯಾರಾಗುತ್ತೆ. ಆಮೇಲೆ ಕೈಯಾರೆ ಮಾಡಬೇಕಾದ ಒಂದು ಕೆಲಸ ಉಳಿಯುತ್ತೆ, ಬಹಳ ಜನ ಎಡವೋದು ಅಲ್ಲೇ. ಕ್ಲೋವರ್ ಫೋಲ್ಡರಿನೊಳಗೆ ಡ್ರೈವರ್ಸ್, ಅದರೊಳಗೆ 'ಆಫ್' ಅಂತ ಒಂದು ಫೋಲ್ಡರ್ ಇದೆ. ಅಲ್ಲಿ 'ಎನ್‌ವಿಎಂ ಎಕ್ಸ್‌ಪ್ರೆಸ್ ಡಿಎಕ್ಸ್‌ಇ' ಅನ್ನೋ ಫೈಲು ಸುಮ್ಮನೆ ಮಲಗಿರುತ್ತೆ. ಅದನ್ನು ಕಾಪಿ ಮಾಡಿ ಪಕ್ಕದಲ್ಲಿರೋ 'ಯುಇಎಫ್‌ಐ' ಫೋಲ್ಡರಿಗೂ 'ಬಯಾಸ್' ಫೋಲ್ಡರಿಗೂ ಹಾಕಿ. ಇದನ್ನು ಬಿಟ್ಟರೆ ಕ್ಲೋವರ್ ಪರದೆ ಚಂದವಾಗಿ ಬರುತ್ತೆ, ಡ್ರೈವ್ ಮಾತ್ರ ಬರಲ್ಲ.

ವಿಂಡೋಸ್ ಹಾಕುವಾಗ ಹಳೇ ಹಾರ್ಡ್ ಡಿಸ್ಕಿನ ಸಾಟಾ ಕೇಬಲ್ ಬಿಚ್ಚಿಡಿ. ಇಲ್ಲದಿದ್ದರೆ ಬೂಟ್ ಫೈಲುಗಳು ಹೋಗಿ ಆ ಡಿಸ್ಕಿನಲ್ಲೇ ಕೂರಬಹುದು. ಬಯಾಸ್‌ನ ಬೂಟ್ ಮೆನುವಿನಲ್ಲಿ ಪೆನ್‌ಡ್ರೈವ್ ಎರಡು ಸಲ ಕಂಡರೆ 'ಯುಇಎಫ್‌ಐ' ಅಂತ ಮುಂದೆ ಇರೋದನ್ನೇ ಆರಿಸಿ. ಮೊದಲು ಕ್ಲೋವರ್‌ಗೆ ಬೂಟ್ ಆಗಿ, ಅದರ ಮೆನುವಿನಿಂದ ವಿಂಡೋಸ್ ಇನ್‌ಸ್ಟಾಲರ್ ಪೆನ್‌ಡ್ರೈವ್ ಎಬ್ಬಿಸಿದರೆ ಸಲೀಸು. ಎನ್‌ವಿಎಂಇ ಡಿಸ್ಕನ್ನು ಭಾಗ ಮಾಡೋ ಪದ್ಧತಿ ಜಿಪಿಟಿ ಆಗಿರಬೇಕು. ನಡುವೆ ರೀಸ್ಟಾರ್ಟ್ ಆದಾಗಲೆಲ್ಲ ಮತ್ತೆ ಕ್ಲೋವರ್ ಮೂಲಕವೇ ಬರಬೇಕು ಅನ್ನೋದು ನೆನಪಿರಲಿ.

ಪೆನ್‌ಡ್ರೈವ್ ಎಲ್ಲಿ ಚುಚ್ಚಿಡ್ತೀರಿ ಅನ್ನೋದೂ ಮುಖ್ಯ. ನಾವು ಮುಂದಿನ ಪೋರ್ಟಿನಲ್ಲೇ ಬಿಟ್ಟಿದ್ದೆವು. ನಮ್ಮ ಅಂಗಡಿಗೆ ಬರೋರೆಲ್ಲ ಪೆನ್‌ಡ್ರೈವ್ ಹಿಡಿದೇ ಬರೋದು. ಒಂದು ಸಂಜೆ ಕಾಲೇಜು ಹುಡುಗಿಯೊಬ್ಬಳು ಪ್ರಾಜೆಕ್ಟ್ ರಿಪೋರ್ಟ್ ಪ್ರಿಂಟ್ ತೆಗೆಸಿಕೊಂಡು ಹೊರಟಳು. ನಮ್ಮ ಹುಡುಗ ಅವಳದ್ದರ ಬದಲು ನಮ್ಮದನ್ನು ಕಿತ್ತು ಕೊಟ್ಟ. ಎರಡೂ ಕರೀದು, ಎರಡೂ 16 ಜಿಬಿ. ವಿಂಡೋಸ್ ಆಗಲೇ ಎದ್ದಿತ್ತಲ್ಲ, ಮೆಷೀನು ರಾತ್ರಿ ಬಾಗಿಲು ಹಾಕೋವರೆಗೂ ಆರಾಮಾಗಿ ನಡೀತು. ಬೆಳಿಗ್ಗೆ ಆನ್ ಮಾಡಿದರೆ ಕಪ್ಪು ಪರದೆ, 'ರೀಬೂಟ್ ಅಂಡ್ ಸೆಲೆಕ್ಟ್ ಪ್ರಾಪರ್ ಬೂಟ್ ಡಿವೈಸ್'. ಕೌಂಟರ್ ಮುಂದೆ ಪಹಣಿ ಪ್ರಿಂಟಿಗೆ ಬಂದ ಮೂರು ಜನ. ಭಾವ ನನ್ನನ್ನು ನೋಡಿದ ನೋಟ ಇನ್ನೂ ಮರೆತಿಲ್ಲ. ಹನ್ನೊಂದು ಗಂಟೆಗೆ ಆ ಹುಡುಗಿಯೇ ಬಂದಳು: "ಅಣ್ಣ, ಇದರಲ್ಲಿ ನನ್ನ ಫೈಲೇ ಇಲ್ಲ, ಏನೇನೋ ಇಎಫ್‌ಐ ಅಂತಿದೆ." ಅವತ್ತೇ ಬೋರ್ಡಿನ ಮೇಲಿರೋ ಒಂಬತ್ತು ಪಿನ್ನಿನ ಯುಎಸ್‌ಬಿ ಹೆಡರಿಗೆ ಒಂದು ಸಣ್ಣ ಕೇಬಲ್ ತಂದು, ಪೆನ್‌ಡ್ರೈವ್ ಕ್ಯಾಬಿನೆಟ್ ಒಳಗೇ ಟೇಪ್ ಸುತ್ತಿ ಕೂರಿಸಿದೆ.

ಬಯಾಸ್‌ನೊಳಗೇ ಎನ್‌ವಿಎಂಇ ಡ್ರೈವರ್ ತುರುಕಿ ಫ್ಲಾಶ್ ಮಾಡೋರೂ (ಬೋರ್ಡಿನ ಚಿಪ್ಪಿಗೆ ಬಯಾಸ್ ಹೊಸದಾಗಿ ಬರೆಯೋರು) ಇದ್ದಾರೆ. ಮಾಡಿದರೆ ಪೆನ್‌ಡ್ರೈವ್ ಗೊಡವೆಯೇ ಇಲ್ಲ. ಆದರೆ ಅರ್ಧದಲ್ಲಿ ಕರೆಂಟ್ ಹೋದರೆ ಬೋರ್ಡು ಕೈಬಿಟ್ಟಿತು ಅಂತಲೇ. ಮಳೆಗಾಲದಲ್ಲಿ ನಿಮ್ಮೂರಲ್ಲೂ ನಮ್ಮೂರಲ್ಲೂ ಕರೆಂಟಿನ ಕಥೆ ಗೊತ್ತಲ್ಲ. ನಾನು ಕೈ ಹಾಕಲಿಲ್ಲ. ಸ್ಯಾಮ್‌ಸಂಗ್ 950 ಪ್ರೊ ಅಂತ 2015ರಲ್ಲಿ ಬಂದ ಡ್ರೈವಿಗೆ ತನ್ನೊಳಗೇ ಬೂಟ್ ರಾಮ್ (ಬಯಾಸ್‌ಗೆ ಬೇಕಾದ ಡ್ರೈವರ್ ಬರೆದಿಟ್ಟ ಮೆಮೊರಿ, ರ‍್ಯಾಮ್ ಅಲ್ಲ) ಇತ್ತು, ಹಳೇ ಬಯಾಸ್‌ನಲ್ಲೂ ನೇರ ಎದ್ದೇಳುತ್ತಿತ್ತು. ಅದನ್ನು ಈಗ ಹುಡುಕಿಕೊಂಡು ಹೋಗೋದು ದಂಡ. ಲಿನಕ್ಸ್ ಬಳಸೋ ಹಾಗಿದ್ದರೆ ನಿಮ್ಮದು ಸುಲಭ: ಬೂಟ್ ಪಾರ್ಟಿಶನ್ ಮಾತ್ರ ಸಾಟಾ ಡಿಸ್ಕಿನಲ್ಲಿ, ಉಳಿದದ್ದೆಲ್ಲ ಎನ್‌ವಿಎಂಇಯಲ್ಲಿ. ಕರ್ನಲ್ (ಲಿನಕ್ಸ್‌ನ ತಿರುಳು) ಎದ್ದ ಮೇಲೆ ಅದಕ್ಕೆ ಬಯಾಸ್ ಹಂಗಿಲ್ಲ. ವಿಂಡೋಸ್‌ನಲ್ಲಿ ಈ ಉಪಾಯ ನಡೆಯಲ್ಲ, ಅದರ ಬೂಟ್ ಮ್ಯಾನೇಜರ್ ಮುಂದಿನ ಫೈಲುಗಳನ್ನು ಓದೋಕೂ ಬಯಾಸ್‌ನ ಕಡೆಗೇ ಕೈ ಚಾಚುತ್ತೆ.

ನೀವು ಕೇಳದೇ ಇದ್ದರೂ ಒಂದು ಮಾತು. ಇನ್ನೂ ಕೊಂಡಿರದಿದ್ದರೆ ನಾನು ಸಾಟಾ ಎಸ್‌ಎಸ್‌ಡಿ ತಗೊಳ್ಳಿ ಅಂತಿದ್ದೆ. ಎಚ್61ರ ಸಾಟಾ 3 ಗಿಗಾಬಿಟ್‌ದು, ಸೆಕೆಂಡಿಗೆ 280 ಎಂಬಿ ಆಸುಪಾಸು ದಾಟಲ್ಲ, ನಿಜ. ನಿಮ್ಮ ಐ3ರ ಪಿಸಿಐ ಎಕ್ಸ್‌ಪ್ರೆಸ್ 2.0 (ಅಡಾಪ್ಟರ್ ಕಾರ್ಡು ಕೂರೋ ಸ್ಲಾಟು), ನಾಲ್ಕು ಲೇನಿನಲ್ಲಿ ಲೆಕ್ಕಕ್ಕೆ 2,000 ಎಂಬಿ ಬರುತ್ತೆ, ಅದೂ ನಿಜ. ಆದರೆ ಹಾರ್ಡ್ ಡಿಸ್ಕ್ ಹಿಂಸೆ ಕೊಡೋದು ಆ ಲೆಕ್ಕದಿಂದಲ್ಲ. ಚಿಕ್ಕ ಚಿಕ್ಕ ಫೈಲು ಹುಡುಕೋಕೆ ಅದರ ಮುಳ್ಳು ಅತ್ತಿಂದಿತ್ತ ಓಡಬೇಕು, ಸೆಕೆಂಡಿಗೆ ನೂರು ಸಲ ಓಡಿದರೆ ಹೆಚ್ಚು. ಯಾವ ಎಸ್‌ಎಸ್‌ಡಿಗೂ ಆ ಓಟವಿಲ್ಲ. ನಮ್ಮಲ್ಲಿ ನುಡಿ, ಕೋರೆಲ್ ಡ್ರಾ ತೆರೆಯೋದರಲ್ಲಿ ಸಾಟಾಕ್ಕೂ ಎನ್‌ವಿಎಂಇಗೂ ನನಗೆ ವ್ಯತ್ಯಾಸ ಕಂಡಿಲ್ಲ. ಆನ್ ಮಾಡಿದಾಗಂತೂ ಕ್ಲೋವರ್ ದಾಟಿ ಬರೋ ಎನ್‌ವಿಎಂಇ ಮೆಷೀನೇ ಪಕ್ಕದ ಸಾಟಾ ಮೆಷೀನಿಗಿಂತ ಹತ್ತು ಸೆಕೆಂಡ್ ಲೇಟು! ಇನ್ನೊಂದು: ವಿಂಡೋಸ್ 10ಕ್ಕೆ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, 11ಕ್ಕೆ ನಿಮ್ಮ ಪ್ರೊಸೆಸರ್ ಅಧಿಕೃತವಾಗಿ ಸಲ್ಲಲ್ಲ. ಈ ಮೆಷೀನಿಗೆ ಇನ್ನು ಜಾಸ್ತಿ ದುಡ್ಡು ಸುರಿಯೋ ಮುಂಚೆ ಇದು ತಲೆಯಲ್ಲಿರಲಿ.

ಡ್ರೈವ್ ಕೈಯಲ್ಲಿದೆ ಅಂದ ಮೇಲೆ ಕ್ಲೋವರ್ ಪ್ರಯತ್ನಿಸಿ, ಖರ್ಚು ಒಂದು ಪೆನ್‌ಡ್ರೈವ್. ಸಿಕ್ಕಿಹಾಕಿಕೊಂಡರೆ ಬೋರ್ಡಿನ ಮಾಡೆಲ್ ನಂಬರು, ಕ್ಲೋವರ್ ಮೆನುವಿನ ಫೋಟೋ ಇಲ್ಲೇ ಹಾಕಿ. ಅಂಗಡಿ ಮುಚ್ಚಿದ ಮೇಲೆ, ಎಂಟರ ನಂತರ ನೋಡ್ತೀನಿ.