ಮೈಸೂರಿನ ಮನೆಯ ಉಪ್ಪುನೀರಿನ ತೊಟ್ಟಿಯಲ್ಲಿ ಅಬಲೋನ್ ಸಾಕಬಹುದೇ?

ಕುವೆಂಪುನಗರದ ಮನೆಯಲ್ಲಿ 200 ಲೀಟರಿನ ಉಪ್ಪುನೀರಿನ ತೊಟ್ಟಿ ಇಟ್ಟು ಮೂರು ತಿಂಗಳಾಗಿದೆ, ಗಾಜಿನ ಮೇಲೆಲ್ಲ ಪಾಚಿ ಹಬ್ಬಿದೆ, ಅದನ್ನು ತಿನ್ನಲು ಒಂದು ಅಬಲೋನ್ ತರಬಹುದೇ ಎಂದು ಕೇಳಿದ್ದೀರಿ. ತರಬಹುದು, ಆದರೆ ಈಗಲೇ ಬೇಡ. ಹೊಸ ತೊಟ್ಟಿಯ ಕಂದು ಪಾಚಿ ಸಾಮಾನ್ಯವಾಗಿ ತಾನಾಗಿಯೇ ಇಳಿದುಹೋಗುತ್ತದೆ. ಅದನ್ನು ನಂಬಿ ತಂದ ಪ್ರಾಣಿ ಆಮೇಲೆ ಉಪವಾಸ ಬೀಳುತ್ತದೆ.

ಅಬಲೋನ್ ಬಸವನಹುಳುವಿನ ಬಳಗಕ್ಕೆ ಸೇರಿದ, ಕಿವಿಯಾಕಾರದ ಚಿಪ್ಪಿನ ಪ್ರಾಣಿ. ಕ್ಯಾಲಿಫೋರ್ನಿಯಾದ ಕೆಂಪು ಅಬಲೋನ್ ತಣ್ಣನೆಯ ಸಮುದ್ರದ್ದಾದ್ದರಿಂದ ನೀರನ್ನು ತಣ್ಣಗಿಡುವ ಚಿಲ್ಲರ್ ಯಂತ್ರವಿಲ್ಲದೆ ನಮ್ಮಲ್ಲಿ ಬದುಕುವುದಿಲ್ಲ. ನಮಗೆ ಒಗ್ಗುವುದು ಉಷ್ಣವಲಯದ ಹಾಲಿಯೋಟಿಸ್ ಅಸಿನಿನಾ, ಇಲ್ಲವೇ ಮನ್ನಾರ್ ಕೊಲ್ಲಿಯ ಕಲ್ಲುಗಳಲ್ಲಿ ಕಾಣಸಿಗುವ ಹಾಲಿಯೋಟಿಸ್ ವೇರಿಯಾ. ಮಾರುವವರಿಗೆ ಜಾತಿಯ ಹೆಸರು ಹೇಳಲು ಬಾರದಿದ್ದರೆ ಕೊಳ್ಳಬೇಡಿ.

ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಆಮ್ಲಜನಕದ್ದು. ಅಲೆ ಬಡಿಯುವ ಬಂಡೆಗಳ ಮೇಲೆ ಬದುಕುವ ಈ ಪ್ರಾಣಿಗೆ ಆಮ್ಲಜನಕ ತುಂಬಿದ ನೀರು ಸದಾ ಹರಿಯುತ್ತಿರಬೇಕು. ಚಿಪ್ಪಿನ ಅಂಚಿನಲ್ಲಿ ಸಾಲಾಗಿರುವ ರಂಧ್ರಗಳು ಕಿವಿರುಗಳನ್ನು ದಾಟಿದ ನೀರು ಹೊರಹೋಗುವ ದಾರಿಗಳು. 25 ಡಿಗ್ರಿಯ ಸಮುದ್ರದ ನೀರು ಲೀಟರಿಗೆ ಹೆಚ್ಚೆಂದರೆ ಸುಮಾರು 6.7 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಂಡರೆ, 30 ಡಿಗ್ರಿಯಲ್ಲಿ ಅದು 6.2ಕ್ಕೆ ಇಳಿಯುತ್ತದೆ, ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿರುವುದರಿಂದ ಗಾಳಿಯ ಒತ್ತಡ ಕಡಿಮೆಯಾಗಿ ಇದರಲ್ಲಿಯೂ ಶೇಕಡಾ ಎಂಟರಷ್ಟು ಕಡಿತವಾಗುತ್ತದೆ. ರಾತ್ರಿ ಪಾಚಿಯೂ ಆಮ್ಲಜನಕವನ್ನೇ ಬಳಸುವುದರಿಂದ ನಸುಕಿನ ಹೊತ್ತಿಗೆ ಪ್ರಮಾಣ ಅತ್ಯಂತ ಕೆಳಗಿರುತ್ತದೆ, ಅಬಲೋನ್ ಚುರುಕಾಗಿ ಓಡಾಡುವುದೂ ರಾತ್ರಿಯೇ. ಏಪ್ರಿಲ್ ತಿಂಗಳ ಇಂಥ ಒಂದು ರಾತ್ರಿ ಕರೆಂಟು ಹೋಗಿ ಪಂಪ್ ನಿಂತರೆ ಮೀನುಗಳಿಗಿಂತ ಮೊದಲು ಅಬಲೋನ್ ಸಾಯಬಹುದು. ಆದ್ದರಿಂದ ಗಾಳಿಯ ಗುಳ್ಳೆಗಳಿಂದ ನೀರಿನ ಕೊಳೆಯನ್ನು ತೆಗೆಯುವ ಪ್ರೋಟೀನ್ ಸ್ಕಿಮ್ಮರ್ ಮತ್ತು ಬ್ಯಾಟರಿಯಿಂದ ನಡೆಯುವ ಏರ್ ಪಂಪ್ ಎರಡನ್ನೂ ಪ್ರಾಣಿಯನ್ನು ತರುವ ಮೊದಲೇ ಅಳವಡಿಸಿ.

ಶಾಖದ ವಿಷಯದಲ್ಲಿ ನಮ್ಮ ಊರಿಗೆ ಒಂದು ಅನುಕೂಲವಿದೆ. ಬೇಸಿಗೆಯ ಒಣಗಾಳಿಯಲ್ಲಿ ನೀರಿನ ಮೇಲ್ಮೈಗೆ ಒಂದು ಸಣ್ಣ ಫ್ಯಾನ್ ತಿರುಗಿಸಿಟ್ಟರೆ ಉಷ್ಣಾಂಶ ಎರಡು ಮೂರು ಡಿಗ್ರಿ ಇಳಿಯುತ್ತದೆ. ಮಂಗಳೂರಿನ ತೇವದ ಗಾಳಿಯಲ್ಲಿ ಇದು ಇಷ್ಟು ಚೆನ್ನಾಗಿ ನಡೆಯುವುದಿಲ್ಲ. ಆವಿಯಾಗುವುದು ನೀರು ಮಾತ್ರ, ಉಪ್ಪಲ್ಲ; ಆದ್ದರಿಂದ ಕಡಿಮೆಯಾದಷ್ಟನ್ನು ಉಪ್ಪು ಬೆರೆಸದ ಆರ್‌ಒ ನೀರಿನಿಂದಲೇ ತುಂಬಿಸಿ, ನೀರಿನ ಉಪ್ಪಿನಂಶವನ್ನು ತೋರಿಸುವ ಸಾಪೇಕ್ಷ ಸಾಂದ್ರತೆಯನ್ನು 1.025ರ ಆಸುಪಾಸಿನಲ್ಲಿ ಕಾಯ್ದುಕೊಳ್ಳಿ. ನಲ್ಲಿ ನೀರು, ಬೋರ್‌ವೆಲ್ ನೀರು ಎರಡೂ ಬೇಡ.

ಆಹಾರಕ್ಕೆ ಉಪ್ಪು, ಎಣ್ಣೆ, ಮಸಾಲೆ ಯಾವುದೂ ಸೇರದ ನೋರಿ ಹಾಳೆಯನ್ನು (ಒಣಗಿಸಿದ ಕಡಲಪಾಚಿಯ ಹಾಳೆ) ಸಂಜೆ ದೀಪ ಆರಿಸಿದ ಮೇಲೆ ಒಂದು ಕಲ್ಲಿಗೆ ರಬ್ಬರ್ ಬ್ಯಾಂಡಿನಿಂದ ಕಟ್ಟಿ ಇಳಿಬಿಡಿ, ಉಳಿದದ್ದನ್ನು ಬೆಳಿಗ್ಗೆ ತೆಗೆದುಬಿಡಿ. ಗ್ರಾಸಿಲೇರಿಯಾ ಎಂಬ ಕೆಂಪು ಕಡಲಪಾಚಿ ಸಿಕ್ಕರೆ ಇನ್ನೂ ಒಳ್ಳೆಯದು. ಟ್ರಿಗರ್ ಮೀನು, ಪಫರ್ ಮೀನು, ದೊಡ್ಡ ಏಡಿ ಇರುವ ತೊಟ್ಟಿಗೆ ಅಬಲೋನ್ ಬಿಡಬಾರದು.

ಮೀನುಗಳ ಬಿಳಿಚುಕ್ಕೆ ರೋಗಕ್ಕೆ ಆ ತೊಟ್ಟಿಯಲ್ಲಿ ಎಂದಾದರೂ ತಾಮ್ರದ ಔಷಧ ಹಾಕಿದ್ದರೆ ಅಬಲೋನ್ ವಿಚಾರವನ್ನೇ ಬಿಡಿ, ಏಕೆಂದರೆ ತಾಮ್ರ ಮೃದ್ವಂಗಿಗಳಿಗೆ ವಿಷ. ಅದು ಕಲ್ಲು, ಮರಳಿನಲ್ಲಿ ಸೇರಿಕೊಂಡು ಕುಳಿತು ನಿಧಾನವಾಗಿ ನೀರಿಗೆ ಮರಳುತ್ತಿರುತ್ತದೆ.

ಕೊನೆಯದಾಗಿ, ಗಾಜಿಗೆ ಅಂಟಿಕೊಂಡ ಅಬಲೋನನ್ನು ಚಾಕುವಿನಿಂದ ಎಬ್ಬಬೇಡಿ. ಅದರ ರಕ್ತ ಹೆಪ್ಪುಗಟ್ಟುವುದಿಲ್ಲವಾದ್ದರಿಂದ ಅದು ಅಂಟಿಕೊಳ್ಳಲು ಬಳಸುವ ಮಾಂಸಲ ಪಾದಕ್ಕೆ ಆದ ಸಣ್ಣ ಗಾಯವೂ ಪ್ರಾಣಕ್ಕೆ ಕುತ್ತಾಗಬಹುದು. ರಾತ್ರಿ ಅದು ಸಡಿಲವಾಗಿ ನಡೆಯುತ್ತಿರುವಾಗ, ಬಿಗಿಹಿಡಿಯುವ ಮೊದಲೇ, ತೆಳುವಾದ ಪ್ಲಾಸ್ಟಿಕ್ ಕಾರ್ಡನ್ನು ಪಾದದಡಿ ಒಮ್ಮೆಲೇ ಜಾರಿಸಿದರೆ ಸಲೀಸಾಗಿ ಕೈಗೆ ಬರುತ್ತದೆ.