ಯಾರೂ ನೋಡಿಲ್ಲ ಅಂದರೆ ದೂರು ನಿಲ್ಲುತ್ತದಾ?

ಲೆಕ್ಚರರ್ ಲ್ಯಾಬಿನಲ್ಲಿ ಕೆಟ್ಟದಾಗಿ ನಡೆದುಕೊಂಡರು, ಯಾರೂ ನೋಡಿಲ್ಲ, ದೂರು ಕೊಟ್ಟರೆ ನಿಲ್ಲುತ್ತದಾ ಅಂತ ಕೇಳಿದ್ದೀರಿ. ನಿಲ್ಲುತ್ತದೆ, ನೋಡಿದವರಿಲ್ಲ ಅನ್ನುವ ಒಂದೇ ಕಾರಣಕ್ಕೆ ಬಿದ್ದುಹೋಗುವುದಿಲ್ಲ. ಕೊಡಗಿನ ಒಂದು ಕಾಲೇಜಿನಲ್ಲಿ ಲೈಂಗಿಕ ಕಿರುಕುಳದ ದೂರು ವಿಚಾರಿಸುವ ಆಂತರಿಕ ಸಮಿತಿಯಲ್ಲಿ ನಾನು ಕೂತಿದ್ದೆ.

ಕೋರ್ಟಿನಲ್ಲಿ ಒಬ್ಬರಿಗೆ ಜೈಲು ಆಗಬೇಕಾದರೆ ತಪ್ಪು ಸಂಶಯಕ್ಕೆ ಎಡೆಯಿಲ್ಲದಂತೆ ಸಾಬೀತಾಗಬೇಕು. ಕಾಲೇಜಿನ ವಿಚಾರಣೆಗೆ ಅಷ್ಟು ಬೇಡ. ಎರಡೂ ಕಡೆ ಕೇಳಿದ ಮೇಲೆ, ಹೀಗೆ ನಡೆದಿರುವ ಸಾಧ್ಯತೆಯೇ ಜಾಸ್ತಿ ಅಂತ ಕಂಡರೆ ಸಾಕು.

ಒಂದು ಪ್ರಕರಣ ಹೇಳುತ್ತೇನೆ, ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ. ಜುಲೈ ತಿಂಗಳು, ಬಿಡದೆ ಮಳೆ, ಕರೆಂಟ್ ಇಲ್ಲ. ಹುಡುಗಿ ಒದ್ದೆ ಕೊಡೆ ಹಿಡಿದುಕೊಂಡೇ ಕೂತಿದ್ದಳು. ನಮ್ಮಲ್ಲೊಬ್ಬರು ಮೊದಲು ಕೇಳಿದ್ದೇ, 'ಯಾರಾದರೂ ನೋಡಿದ್ರಾ?' ಅವಳು ತಲೆ ತಗ್ಗಿಸಿದಳು. ಆ ಪ್ರಶ್ನೆಯನ್ನು ನಾನು ತಡೆಯಬೇಕಿತ್ತು. ತಡೆಯಲಿಲ್ಲ, ಇವತ್ತಿಗೂ ನೋವಿದೆ. ಬಾಗಿಲು ಹಾಕಿದ ಕೋಣೆಯಲ್ಲಿ ನಡೆದದ್ದನ್ನು ಯಾರು ನೋಡುತ್ತಾರೆ?

ಆ ಹೊತ್ತಿಗೆ ಲ್ಯಾಬ್ ಬೀಗ ಹಾಕಿತ್ತು ಅಂತ, ಅವಳು ಯಾರ ಮೇಲೆ ದೂರು ಕೊಟ್ಟಿದ್ದಳೋ ಆತ ಬರೆದುಕೊಟ್ಟಿದ್ದ. ಬೀಗದ ಕೈ ರಿಜಿಸ್ಟರ್ ತರಿಸಿದೆವು. ಸಂಜೆ 4.40ಕ್ಕೆ ಬೀಗದ ಕೈ ತೆಗೆದುಕೊಂಡದ್ದಕ್ಕೆ ಅವನದೇ ಸಹಿ. ಅವಳು ವಿರಾಜಪೇಟೆ ಬಸ್ಸಿನಲ್ಲಿ ಕೂತು ಗೆಳತಿಗೆ ಕಳಿಸಿದ ವಾಟ್ಸ್ಆ್ಯಪ್ ಮೆಸೇಜು 5.20ರದ್ದು. ಎರಡನ್ನೂ ಅಕ್ಕಪಕ್ಕ ಇಟ್ಟಾಗ ಯಾರ ಮಾತು ನಂಬುವಂಥದ್ದು ಅಂತ ಕಾಣಿಸಿತು.

ಹಾಗಂತ ಸುಮ್ನೆ ಅನುಮಾನದ ಮೇಲೆ ತೀರ್ಮಾನ ಕೊಡುವ ಹಾಗಿಲ್ಲ. ಆತನಿಗೆ ದೂರಿನ ಪ್ರತಿ ಕೊಡಬೇಕು, ಉತ್ತರಕ್ಕೆ 10 ದಿನ ಕೊಡಬೇಕು, ತನ್ನ ಸಾಕ್ಷಿ ತರಲು ಬಿಡಬೇಕು. ಅವಸರದಲ್ಲಿ ಇದನ್ನು ಬಿಟ್ಟರೆ ನಿಜವಾದ ದೂರೂ ಮೇಲ್ಮನವಿಯಲ್ಲಿ ಬಿದ್ದುಹೋಗಬಹುದು.

ಸುಳ್ಳು ದೂರು ಅಂತ ನನ್ನ ಮೇಲೇ ತಿರುಗಿಸಿದರೆ ಅನ್ನುವ ಭಯ ನಿಮಗಿರಬಹುದು. ಕೆಲಸದ ಜಾಗದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಇದನ್ನು ಸ್ಪಷ್ಟವಾಗಿ ಹೇಳುತ್ತದೆ: ಸಾಬೀತು ಮಾಡಲು ಆಗಲಿಲ್ಲ ಅನ್ನುವ ಒಂದೇ ಕಾರಣಕ್ಕೆ ದೂರು ಕೊಟ್ಟವರ ಮೇಲೆ ಕ್ರಮ ಇಲ್ಲ. ಇನ್ನು, ನಮ್ಮದು ಚಿಕ್ಕ ಜಿಲ್ಲೆ. ಮಡಿಕೇರಿಯಲ್ಲಿ ಆಡಿದ ಮಾತು ಸಂಜೆಗೆ ಪೊನ್ನಂಪೇಟೆ ಮುಟ್ಟುತ್ತದೆ, ಅಲ್ವಾ? ಅದಕ್ಕೇ ಹೆಸರು, ವಿವರ ಹೊರಗೆ ಬಿಡಬಾರದು ಅಂತ ಅದೇ ಕಾಯ್ದೆ ಹೇಳುತ್ತದೆ. ಸಮಿತಿಯ ಮುಂದೆ ಮೊದಲ ದಿನವೇ ಇದನ್ನು ಕೇಳಿ.

ಘಟನೆ ನಡೆದು 3 ತಿಂಗಳೊಳಗೆ ಲಿಖಿತ ದೂರು ಕೊಡಿ. ತಡವಾದದ್ದಕ್ಕೆ ಸರಿಯಾದ ಕಾರಣ ಇದ್ದರೆ ಸಮಿತಿ ಇನ್ನೂ 3 ತಿಂಗಳು ಕೊಡಬಹುದು. ಇವತ್ತು ರಾತ್ರಿಯೇ ದಿನ, ಹೊತ್ತು, ಜಾಗ ಬರೆದಿಡಿ. ಆ ದಿನ ಯಾರಿಗೆ ಹೇಳಿದಿರಿ, ಯಾರ ಮುಂದೆ ಅತ್ತಿರಿ, ಅದನ್ನೂ ಬರೆಯಿರಿ. ಮೆಸೇಜು ಯಾವುದನ್ನೂ ಅಳಿಸಬೇಡಿ.